ತಿಂಗಳ ಚಂದಾದಿಂದ ವರ್ಷದ ಚಂದಾಗೆ: ಗುಂಡಿ ಒತ್ತುವ ಮುನ್ನ ಒಂದಿಷ್ಟು ಲೆಕ್ಕ

ಬೆಂಗಳೂರು: ಹಣ ಕೊಟ್ಟು ತರಿಸಿಕೊಳ್ಳುವ ನ್ಯೂಸ್‌ಲೆಟರ್ ಒಂದಾದರೂ ನಿಮ್ಮ ಇ-ಮೇಲ್‌ಗೆ ಬರುತ್ತಿದ್ದರೆ ಈ ಸಾಲನ್ನು ನೀವು ಕಂಡೇ ಇರುತ್ತೀರಿ: ‘ವಾರ್ಷಿಕ ಯೋಜನೆಗೆ ಬದಲಾಗಿರಿ, ಎರಡು ತಿಂಗಳು ಉಚಿತವಾಗಿ ಪಡೆಯಿರಿ’. ಅದರ ಕೆಳಗೆ ಒಂದು ಗುಂಡಿ. ಒತ್ತಿದರೆ ಕೆಲಸ ಮುಗಿಯಿತು ಎಂದೇ ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ಗುಂಡಿಯ ಹಿಂದೆ ನಡೆಯುವ ವ್ಯವಹಾರ ಎರಡು. ಒಂದು, ಓದುಗನು ಬರಹಗಾರನಿಗೆ ಇಡೀ ವರ್ಷದ ಹಣವನ್ನು ಮುಂಗಡವಾಗಿ ಒಪ್ಪಿಸುವುದು. ಮತ್ತೊಂದು, ಓದುಗನ ಖಾತೆಯಿಂದ ಹಣ ಕಡಿತ ಮಾಡಲು ಬ್ಯಾಂಕಿಗೆ ಕೊಟ್ಟಿದ್ದ ಹಳೆಯ ಅನುಮತಿ ಹೋಗಿ ಹೊಸದೊಂದು ಬರುವುದು. ಮೊದಲನೆಯದನ್ನು ಎಲ್ಲರೂ ಗಮನಿಸುತ್ತಾರೆ. ಎಡವಟ್ಟಾಗುವುದು ಎರಡನೆಯದರಲ್ಲಿ.

ವರ್ಷದ ಚಂದಾ ಕನ್ನಡದ ಓದುಗರಿಗೆ ಹೊಸ ಸಂಗತಿಯಲ್ಲ. ಸಾಹಿತ್ಯ ಪತ್ರಿಕೆಗಳಿಗೆ ಮನಿಯಾರ್ಡರ್ ಮೂಲಕ ವಾರ್ಷಿಕ ಚಂದಾ ಕಳುಹಿಸಿ, ಕೂಪನ್ನಿನ ಪುಟ್ಟ ಜಾಗದಲ್ಲಿ ಚಂದಾ ಸಂಖ್ಯೆ ಬರೆದು, ಅಂಚೆಯಣ್ಣನ ದಾರಿ ಕಾಯುತ್ತಿದ್ದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಮನಿಯಾರ್ಡರ್ ಶುಲ್ಕ 20 ರೂಪಾಯಿಗೆ ಒಂದು ರೂಪಾಯಿಯಂತೆ, ಅಂದರೆ ಶೇ 5ರಷ್ಟಿತ್ತು. ಅದಕ್ಕಿಂತ ಹೆಚ್ಚಾಗಿ, ತಿಂಗಳಿಗೊಮ್ಮೆ ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲಲು ಯಾರಿಗೂ ಪುರುಸೊತ್ತಿರಲಿಲ್ಲ. ಹೀಗಾಗಿ ವರ್ಷಕ್ಕೊಮ್ಮೆ ಕಳುಹಿಸುವುದೇ ರೂಢಿಯಾಯಿತು. ಅನುಕೂಲಸ್ಥರು ‘ಆಜೀವ ಚಂದಾ’ ಕೊಟ್ಟರು. ಹಲವು ಸಂದರ್ಭಗಳಲ್ಲಿ ಚಂದಾದಾರರಿಗಿಂತ ಮೊದಲು ಪತ್ರಿಕೆಯೇ ಕಣ್ಮುಚ್ಚಿತು. ಸಾಂಪ್ರದಾಯಿಕ ಮನಿಯಾರ್ಡರ್ ಸೇವೆ 2015ರಲ್ಲಿ ನಿಂತುಹೋಯಿತು. ಮುಂಗಡ ಹಣದ ಆ ಹಳೆಯ ಪ್ರಶ್ನೆ ಮಾತ್ರ ಈಗ ಮೊಬೈಲ್ ಪರದೆಯ ಮೇಲೆ ಮರಳಿ ಬಂದಿದೆ.

ಓದುಗರ ಹಣದಿಂದಲೇ ನಡೆಯುವ ಇ-ಮೇಲ್ ಪತ್ರಿಕೆಗಳಿಗೆ ದೊಡ್ಡ ಪ್ರಮಾಣದಲ್ಲಿ ದಾರಿ ಮಾಡಿಕೊಟ್ಟದ್ದು 2017ರಲ್ಲಿ ಅಮೆರಿಕದಲ್ಲಿ ಆರಂಭವಾದ ಸಬ್‌ಸ್ಟ್ಯಾಕ್ ಎಂಬ ಸಂಸ್ಥೆ. ಅದಕ್ಕೂ ಒಂದು ವರ್ಷ ಮೊದಲೇ, 2016ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ ‘ದ ಕೆನ್’ ಎಂಬ ಉದ್ಯಮ ಸುದ್ದಿಯ ಆಂಗ್ಲ ಪ್ರಕಟಣೆ ಚಂದಾ ಹಣವನ್ನೇ ನೆಚ್ಚಿಕೊಂಡು ಹುಟ್ಟಿತ್ತು. ಜಾಹೀರಾತಿಲ್ಲದೆ ಓದುಗರನ್ನೇ ನಂಬಿ ಪತ್ರಿಕೆ ನಡೆಸಬಹುದೆಂಬುದನ್ನು 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಕನ್ನಡಿಗರಿಗೆ ತೋರಿಸಿಕೊಟ್ಟಿದ್ದರಿಂದ, ಓದುವವನೇ ಹಣ ಕೊಡಬೇಕೆಂಬ ಮಾತು ಇಲ್ಲಿ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ.

‘ಎರಡು ತಿಂಗಳು ಉಚಿತ’ದ ಅರ್ಥ

ತಿಂಗಳಿಗೆ 200 ರೂಪಾಯಿ, ವರ್ಷಕ್ಕೆ 2,000 ರೂಪಾಯಿ ದರದ ಒಂದು ನ್ಯೂಸ್‌ಲೆಟರ್ ಇದೆ ಎಂದಿಟ್ಟುಕೊಳ್ಳೋಣ. ಹನ್ನೆರಡು ತಿಂಗಳು ಬಿಡಿಬಿಡಿಯಾಗಿ ಕೊಟ್ಟರೆ 2,400 ರೂಪಾಯಿ. ಆದ್ದರಿಂದ ಉಳಿತಾಯ 400 ರೂಪಾಯಿ ನಿಜ. ಆದರೆ ಈ ಉಳಿತಾಯ ಕೈಗೆ ಬರುವುದು ಹತ್ತು ತಿಂಗಳು ಕಳೆದ ಮೇಲೆ. ಏಳನೆಯ ತಿಂಗಳಿಗೆ ಓದುವುದು ನಿಂತುಹೋದರೆ ಮಾಸಿಕ ಚಂದಾದಾರನು 1,400 ರೂಪಾಯಿಗೆ ಬಿಡಿಸಿಕೊಳ್ಳುತ್ತಾನೆ; ವಾರ್ಷಿಕ ಚಂದಾದಾರನ 2,000 ರೂಪಾಯಿ ಆಗಲೇ ಹೋಗಿರುತ್ತದೆ. ಕಳೆದ ಹತ್ತು ತಿಂಗಳಿಂದ ಬಿಡದೆ ಓದಿದ್ದೇನೆಯೇ ಎಂದು ತಮ್ಮನ್ನು ತಾವು ಕೇಳಿಕೊಂಡರೆ ಉತ್ತರ ಸಿಗುತ್ತದೆ. ಇ-ಮೇಲ್ ಪೆಟ್ಟಿಗೆಯಲ್ಲಿ ತೆರೆಯದೆ ಬಿದ್ದಿರುವ ಸಂಚಿಕೆಗಳನ್ನು ಎಣಿಸಿದರೆ ಇನ್ನೂ ಬೇಗ ಸಿಗುತ್ತದೆ.

ಬರಹಗಾರರು ರಿಯಾಯಿತಿ ಕೊಟ್ಟಾದರೂ ವಾರ್ಷಿಕ ಚಂದಾಗೆ ಒತ್ತಾಯಿಸುವುದೇಕೆ? ಈ ಲೆಕ್ಕವನ್ನು ಓದುಗರು ಸಾಮಾನ್ಯವಾಗಿ ನೋಡುವುದಿಲ್ಲ. ಅಮೆರಿಕದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸಬ್‌ಸ್ಟ್ಯಾಕ್ ಚಂದಾ ಹಣದ ಶೇ 10ರಷ್ಟನ್ನು ತನ್ನ ಪಾಲಾಗಿ ಪಡೆಯುತ್ತದೆ. ಹಣ ವರ್ಗಾವಣೆ ಮಾಡುವ ಸ್ಟ್ರೈಪ್ ಸಂಸ್ಥೆ ಅಮೆರಿಕದ ಕಾರ್ಡುಗಳಿಗೆ ವಿಧಿಸುವ ಮೂಲ ಶುಲ್ಕ ಶೇ 2.9 ಮತ್ತು ಅದರ ಮೇಲೆ ಪ್ರತಿ ವಹಿವಾಟಿಗೆ 30 ಸೆಂಟ್. ತಿಂಗಳಿಗೆ 5 ಡಾಲರಿನ ಚಂದಾದಲ್ಲಿ ಈ 30 ಸೆಂಟ್ ಹನ್ನೆರಡು ಸಲ ಕಡಿತವಾಗುತ್ತದೆ. ವರ್ಷಕ್ಕೆ 50 ಡಾಲರಿನ ಚಂದಾದಲ್ಲಿ ಒಂದೇ ಸಲ. ಎಲ್ಲ ಕಳೆದು ಬರಹಗಾರನ ಕೈಗೆ ಬರುವುದು ಮಾಸಿಕ ಚಂದಾದಲ್ಲಿ ಪ್ರತಿ ತಿಂಗಳಿಗೆ ಸುಮಾರು 4.05 ಡಾಲರ್, ಅಂದರೆ ವರ್ಷಕ್ಕೆ 48.66 ಡಾಲರ್; ವಾರ್ಷಿಕ ಚಂದಾದಲ್ಲಿ 43.25 ಡಾಲರ್. ಓದುಗ 10 ಡಾಲರ್ ಉಳಿಸಿದರೂ ಬರಹಗಾರನು ಕಳೆದುಕೊಳ್ಳುವುದು ಐದೂವರೆ ಡಾಲರಿಗಿಂತ ಕಡಿಮೆ. ಅದೂ ಓದುಗ ಹನ್ನೆರಡು ತಿಂಗಳು ಪೂರ್ತಿ ಉಳಿಯುತ್ತಿದ್ದರೆ ಮಾತ್ರ. ಹತ್ತನೆಯ ತಿಂಗಳಿಗೇ ಬಿಟ್ಟುಹೋಗುವ ಓದುಗನಾಗಿದ್ದರೆ ವಾರ್ಷಿಕ ಚಂದಾವೇ ಬರಹಗಾರನಿಗೆ ಲಾಭ. ಮಾಸಿಕ ಕಡಿತವೆಂದರೆ ವರ್ಷಕ್ಕೆ ಹನ್ನೆರಡು ಸಲ ಕಾರ್ಡ್ ವಿಫಲವಾಗುವ ಅವಕಾಶ, ಹನ್ನೆರಡು ಸಲ ಓದುಗನಿಗೆ ‘ಇದು ಬೇಕೇ?’ ಎಂದು ಯೋಚಿಸುವ ಅವಕಾಶ. ವಾರ್ಷಿಕ ರಿಯಾಯಿತಿ ಎಂಬುದು ಆ ಹನ್ನೊಂದು ಯೋಚನೆಗಳನ್ನು ತಪ್ಪಿಸಲು ಕೊಡುವ ಬೆಲೆ. ಇದರಲ್ಲಿ ಮೋಸವೇನೂ ಇಲ್ಲ. ಒಬ್ಬನೇ ಕುಳಿತು ಬರೆಯುವ ಪತ್ರಕರ್ತನಿಗೆ ಮುಂದಿನ ಆರು ತಿಂಗಳ ಮನೆ ಬಾಡಿಗೆಯ ಭರವಸೆ ಸಿಗುವುದು ಇಂತಹ ಹಣದಿಂದಲೇ.

ಬದಲಾಯಿಸಿದ ದಿನ ಎಷ್ಟು ಕಡಿತ?

ತಿಂಗಳ ಮಧ್ಯದಲ್ಲಿ ಬದಲಾಯಿಸಿದರೆ ಆಗಲೇ ಕೊಟ್ಟ ತಿಂಗಳ ಹಣ ಏನಾಗುತ್ತದೆ ಎಂಬುದು ಸಹಜ ಪ್ರಶ್ನೆ. ಇದಕ್ಕೆ ಮೂರು ಬಗೆಯ ಉತ್ತರಗಳು ರೂಢಿಯಲ್ಲಿವೆ. ಸ್ಟ್ರೈಪ್‌ನಂತಹ ಪಾವತಿ ವ್ಯವಸ್ಥೆ ಬಳಸುವ ಕಡೆ ಸಾಮಾನ್ಯವಾಗಿ ಉಳಿದ ದಿನಗಳ ಹಣವನ್ನು ಲೆಕ್ಕ ಹಾಕಿ ವಾರ್ಷಿಕ ಮೊತ್ತದಿಂದ ಕಳೆಯಲಾಗುತ್ತದೆ. ನಮ್ಮ ಉದಾಹರಣೆಯಲ್ಲಿ 30 ದಿನಗಳ ಅವಧಿಯ ಹತ್ತು ದಿನ ಕಳೆದ ಮೇಲೆ ಬದಲಾಯಿಸಿದರೆ, ಉಳಿದ 20 ದಿನಗಳ ಬಾಬ್ತು 133 ರೂಪಾಯಿ 33 ಪೈಸೆ ಜಮೆಯಾಗಿ, ಅಂದು ಕಡಿತವಾಗುವುದು 1,866 ರೂಪಾಯಿ 67 ಪೈಸೆ. ಸ್ಟ್ರೈಪ್ ಈ ಲೆಕ್ಕವನ್ನು ದಿನದ ಮಟ್ಟಿಗಲ್ಲ, ಸೆಕೆಂಡಿನ ಮಟ್ಟಿಗೆ ಮಾಡುತ್ತದೆ; ಆದ್ದರಿಂದ ನೀವು ಕೈಲೆಕ್ಕ ಹಾಕಿದ ಮೊತ್ತಕ್ಕೂ ಬಿಲ್ಲಿಗೂ ಒಂದೆರಡು ರೂಪಾಯಿ ವ್ಯತ್ಯಾಸ ಬಂದರೆ ಗಾಬರಿ ಬೇಡ. ಇನ್ನೊಂದು ವಿಷಯ: ಇಲ್ಲಿ ಬಿಲ್ಲಿನ ದಿನಾಂಕವೂ ಬದಲಾಗುತ್ತದೆ. ಪ್ರತಿ ತಿಂಗಳು 5ರಂದು ಕಡಿತವಾಗುತ್ತಿದ್ದ ಚಂದಾವನ್ನು 15ರಂದು ಬದಲಾಯಿಸಿದರೆ, ಮುಂದಿನ ವರ್ಷದ ನವೀಕರಣವೂ 15ರಂದೇ.

ಎರಡನೆಯ ಬಗೆಯಲ್ಲಿ ಬದಲಾವಣೆ ಕೂಡಲೇ ಜಾರಿಗೆ ಬರುವುದಿಲ್ಲ. ಈಗಿನ ತಿಂಗಳು ಮುಗಿದ ಮೇಲೆ ವಾರ್ಷಿಕ ಮೊತ್ತ ಕಡಿತವಾಗುತ್ತದೆ. ಆ್ಯಪಲ್ ಆ್ಯಪ್ ಸ್ಟೋರ್ ಮೂಲಕ ಚಂದಾ ಮಾಡಿದವರು, ಒಂದೇ ದರ್ಜೆಯ ಮಾಸಿಕ ಯೋಜನೆಯಿಂದ ವಾರ್ಷಿಕಕ್ಕೆ ಹೋದರೆ ಹೀಗಾಗುತ್ತದೆ. ಆ್ಯಪ್ ಮೂಲಕ ಮಾಡಿದ ಚಂದಾವನ್ನು ಬದಲಾಯಿಸಬೇಕಾದದ್ದು ಫೋನಿನ ಚಂದಾ ಪಟ್ಟಿಯಲ್ಲಿಯೇ. ಪ್ರಕಟಣೆಯ ಜಾಲತಾಣದಲ್ಲಿ ಎಷ್ಟು ಹುಡುಕಿದರೂ ಆ ಗುಂಡಿ ಸಿಗದು. ಸಿಗಲಿಲ್ಲವೆಂದು ಜಾಲತಾಣದಲ್ಲಿ ಹೊಸದಾಗಿ ವಾರ್ಷಿಕ ಚಂದಾ ಮಾಡಿ, ಫೋನಿನ ಮಾಸಿಕ ಚಂದಾವನ್ನು ಮರೆತವರು ಒಂದೇ ಪತ್ರಿಕೆಗೆ ಎರಡು ಕಡೆ ಹಣ ಕಟ್ಟುತ್ತಿರುತ್ತಾರೆ.

ಮೂರನೆಯದು ಸಣ್ಣ ಪ್ರಕಟಣೆಗಳ ಸರಳ ವಿಧಾನ. ಜಮೆಯೂ ಇಲ್ಲ, ಕಾಯುವಿಕೆಯೂ ಇಲ್ಲ. ಪೂರ್ತಿ 2,000 ರೂಪಾಯಿ ಅಂದೇ ಕಡಿತ. ಇಂತಹ ಕಡೆ ತಿಂಗಳ ಕೊನೆಯಲ್ಲಿ ಬದಲಾಯಿಸುವುದೇ ಲೇಸು. ಯಾವ ಬಗೆ ಎಂಬುದನ್ನು ಖಚಿತಪಡಿಸುವ ಕೊನೆಯ ಪರದೆಯಲ್ಲಿ ‘ಇಂದು ಪಾವತಿಸಬೇಕಾದ ಮೊತ್ತ’ ಎಂಬ ಸಾಲಿರುತ್ತದೆ. ಅದನ್ನು ಓದಿ, ಪರದೆಯ ಚಿತ್ರವೊಂದನ್ನು ತೆಗೆದಿಟ್ಟುಕೊಳ್ಳುವುದು ಒಂದು ನಿಮಿಷದ ಕೆಲಸ.

ರಿಸರ್ವ್ ಬ್ಯಾಂಕಿನ ನಿಯಮ

ಭಾರತದ ಓದುಗರ ವಿಷಯ ಇಲ್ಲಿಂದ ಬೇರೆಯಾಗುತ್ತದೆ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿ ನಿಯಮಗಳನ್ನು ಪ್ರಕಟಿಸಿತು. ಇದಕ್ಕೆ ಇ-ಮ್ಯಾಂಡೇಟ್ ಎಂದು ಹೆಸರು; ನಮ್ಮ ಹಣವನ್ನು ಇಂಥವರು, ಇಷ್ಟು ಮೊತ್ತದವರೆಗೆ, ಇಷ್ಟು ದಿನಕ್ಕೊಮ್ಮೆ ಪಡೆಯಬಹುದೆಂದು ಬ್ಯಾಂಕಿಗೆ ಮೊದಲೇ ಕೊಟ್ಟಿಡುವ ಅನುಮತಿ. ನೋಂದಣಿ ಮಾಡುವಾಗ ಓಟಿಪಿಯಂತಹ ಹೆಚ್ಚುವರಿ ದೃಢೀಕರಣ ಕಡ್ಡಾಯ. ಪ್ರತಿ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ಸೂಚನೆ ಹೋಗಬೇಕು, ಅದರಲ್ಲಿ ಹಣ ಪಡೆಯುವವರ ಹೆಸರು, ಮೊತ್ತ, ದಿನಾಂಕ ಇರಬೇಕು, ಬೇಡವೆನ್ನಲು ಅವಕಾಶವಿರಬೇಕು. ಈ ಸೌಲಭ್ಯಕ್ಕೆ ಗ್ರಾಹಕನಿಂದ ಶುಲ್ಕ ಪಡೆಯುವಂತಿಲ್ಲ. ಎರಡು ಬಾರಿ ಮುಂದೂಡಲ್ಪಟ್ಟಂತಾಗಿ 2021ರ ಅಕ್ಟೋಬರ್ 1ರಿಂದ ದೇಶಿ, ವಿದೇಶಿ ಎಂಬ ಭೇದವಿಲ್ಲದೆ ನಿಯಮ ಬಿಗಿಯಾಗಿ ಜಾರಿಗೆ ಬಂದಾಗ, ಹೊಂದಿಕೊಳ್ಳದ ಅನೇಕ ಸಂಸ್ಥೆಗಳ ಚಂದಾ ಕಡಿತಗಳು ಏಕಾಏಕಿ ನಿಂತುಹೋದದ್ದು ಓದುಗರಿಗೆ ನೆನಪಿರಬಹುದು.

ಓಟಿಪಿ ಕೇಳದೆ ಕಡಿತ ಮಾಡಬಹುದಾದ ಮಿತಿ ಮೊದಲು 2,000 ರೂಪಾಯಿ ಇತ್ತು. 2021ರ ಜನವರಿಯಿಂದ 5,000ಕ್ಕೂ, 2022ರ ಜೂನ್‌ನಲ್ಲಿ 15,000ಕ್ಕೂ ಏರಿತು. ಮ್ಯೂಚುವಲ್ ಫಂಡ್, ವಿಮಾ ಕಂತು ಹಾಗೂ ಕ್ರೆಡಿಟ್ ಕಾರ್ಡ್ ಬಿಲ್ಲುಗಳಿಗೆ ಮಾತ್ರ 2023ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ರೂಪಾಯಿಯ ಮಿತಿ ಸಿಕ್ಕಿತು. ನ್ಯೂಸ್‌ಲೆಟರ್‌ಗಳು ಆ ಪಟ್ಟಿಯಲ್ಲಿಲ್ಲ. ಇದರ ಪರಿಣಾಮ ವಿಚಿತ್ರ. ತಿಂಗಳಿಗೆ 20 ಡಾಲರ್ ಕೊಡುವವನ ಹಣ ಸದ್ದಿಲ್ಲದೆ ಹೋಗುತ್ತಿರುತ್ತದೆ. ಅವನೇ ವರ್ಷಕ್ಕೆ 200 ಡಾಲರಿನ ಯೋಜನೆಗೆ ಬದಲಾದರೆ, ಡಾಲರಿಗೆ 90 ರೂಪಾಯಿಯ ಲೆಕ್ಕದಲ್ಲಿ ಮೊತ್ತ 18,000 ರೂಪಾಯಿ ಆಗಿ ಮಿತಿಯನ್ನು ದಾಟುತ್ತದೆ. ಪ್ರತಿ ವರ್ಷ ಅವನು ಓಟಿಪಿ ಕೊಟ್ಟರೆ ಮಾತ್ರ ನವೀಕರಣ. ದುಬಾರಿ ವಾರ್ಷಿಕ ಚಂದಾದಾರನಿಗೆ ಇದು ಕಿರಿಕಿರಿಯಂತೆ ಕಂಡರೂ ರಕ್ಷಣೆಯೇ ಸರಿ. 2,000 ರೂಪಾಯಿಯ ಚಂದಾದಾರನಿಗೆ ಆ ರಕ್ಷಣೆ ಇಲ್ಲ. ಅವನಿಗಿರುವುದು 24 ಗಂಟೆ ಮುಂಚಿನ ಆ ಒಂದು ಎಸ್ಸೆಮ್ಮೆಸ್ ಮಾತ್ರ. ವರ್ಷಕ್ಕೊಮ್ಮೆ ಬರುವ ಅದು ಸಾಲದ ಕೊಡುಗೆ, ನಿವೇಶನ ಮಾರಾಟಗಳ ಸಂದೇಶಗಳ ನಡುವೆ ಕಳೆದುಹೋಗುವ ಸಂಭವವೇ ಹೆಚ್ಚು.

ಹಳೆಯ ಅನುಮತಿ ತಾನಾಗಿ ಸಾಯುವುದಿಲ್ಲ

ತಿಂಗಳಿಗೆ 200 ರೂಪಾಯಿ ಪಡೆಯಲು ಕೊಟ್ಟ ಅನುಮತಿಯಡಿ 2,000 ರೂಪಾಯಿ ಪಡೆಯಲಾಗದು. ಹೀಗಾಗಿ ವಾರ್ಷಿಕ ಯೋಜನೆಗೆ ಹೋಗುವಾಗ ಸಾಮಾನ್ಯವಾಗಿ ಹೊಸ ಅನುಮತಿ ನೋಂದಣಿಯಾಗುತ್ತದೆ. ಓಟಿಪಿ ಅಥವಾ ಯುಪಿಐ ಪಿನ್ ಕೇಳುವುದು ಅದಕ್ಕಾಗಿಯೇ. ಹಳೆಯದನ್ನು ಪ್ರಕಟಣೆಯ ಕಡೆಯವರು ರದ್ದು ಮಾಡಬೇಕು. ಮಾಡದಿದ್ದರೆ ಅದು ಬ್ಯಾಂಕಿನ ಕಡತದಲ್ಲಿ ಜೀವಂತವಾಗಿ ಉಳಿದಿರುತ್ತದೆ.

ಈ ವರದಿಗಾರನಿಗೆ ಇದು ಕಲಿತದ್ದಲ್ಲ, ಅನುಭವಿಸಿದ್ದು. ಎರಡು ವರ್ಷಗಳಿಂದ ತಿಂಗಳ ಚಂದಾ ಕಟ್ಟಿ ಓದುತ್ತಿದ್ದ ನ್ಯೂಸ್‌ಲೆಟರ್ ಒಂದನ್ನು ವಾರ್ಷಿಕಕ್ಕೆ ಬದಲಾಯಿಸಿದ್ದಾಯಿತು. ಹಣ ಕಡಿತವಾಯಿತು, ಧನ್ಯವಾದದ ಇ-ಮೇಲ್ ಕೂಡ ಬಂತು. ಹನ್ನೊಂದು ದಿನಗಳ ನಂತರ ಅದೇ ಪ್ರಕಟಣೆಯ ಹೆಸರಿನಲ್ಲಿ ‘ನಾಳೆ ಕಡಿತವಾಗಲಿದೆ’ ಎಂಬ ಎಸ್ಸೆಮ್ಮೆಸ್ ಬಂದಾಗ, ಹಳೆಯ ಸಂದೇಶ ತಡವಾಗಿ ಬಂದಿರಬೇಕೆಂದು ಭಾವಿಸಿ ಬದಿಗೆ ಸರಿಸಿದ್ದು ನನ್ನದೇ ತಪ್ಪು. ಮರುದಿನ ಮಾಸಿಕ ಮೊತ್ತ ಹೋಯಿತು. ಅದರ ಮುಂದಿನ ತಿಂಗಳೂ ಹೋಯಿತು. ಮೊತ್ತ ಸಣ್ಣದು, ಕಾರ್ಡಿನ ಬಿಲ್ಲಿನಲ್ಲಿ ಕಣ್ಣಿಗೆ ಬೀಳಲು ಮೂರನೆಯ ತಿಂಗಳೇ ಬೇಕಾಯಿತು. ಪತ್ರ ಬರೆದಾಗ ಪ್ರಕಟಣೆಯವರು ‘ನಮ್ಮ ದಾಖಲೆಯಲ್ಲಿ ನಿಮ್ಮದು ವಾರ್ಷಿಕ ಚಂದಾ ಮಾತ್ರ’ ಎಂದರು, ಬ್ಯಾಂಕಿನವರು ‘ಅನುಮತಿ ನೀವೇ ಕೊಟ್ಟದ್ದು’ ಎಂದರು. ಇಬ್ಬರೂ ಹೇಳಿದ್ದು ನಿಜವೇ. ಎಸ್ಸೆಮ್ಮೆಸ್‌ನಲ್ಲಿದ್ದ ಅನುಮತಿಯ ಸಂಖ್ಯೆಯನ್ನು ಪ್ರಕಟಣೆಯವರಿಗೆ ಕಳುಹಿಸಿದ ಮೇಲೆಯೇ ಗಂಟು ಬಿಚ್ಚಿಕೊಂಡು, ಮೂರು ತಿಂಗಳ ಹಣ ಮರಳಿತು. ಮನಿಯಾರ್ಡರ್ ಕೂಪನ್ನಿನ ಮೇಲೆ ಚಂದಾ ಸಂಖ್ಯೆ ಬರೆಯುತ್ತಿದ್ದ ಹಿರಿಯರಿಗೆ ಇದ್ದ ಎಚ್ಚರ ನನಗಿರಲಿಲ್ಲ.

ಆದ್ದರಿಂದ ಯೋಜನೆ ಬದಲಾಯಿಸಿದ ದಿನವೇ ಎರಡು ಕಡೆ ನೋಡುವುದು ಅಗತ್ಯ. ಪ್ರಕಟಣೆಯ ಖಾತೆಯ ಪುಟದಲ್ಲಿ ‘ವಾರ್ಷಿಕ’ ಎಂದು ತೋರಿಸುತ್ತಿದೆಯೇ ಎಂಬುದು ಒಂದು. ಬ್ಯಾಂಕಿನ ಅಥವಾ ಯುಪಿಐ ಆ್ಯಪಿನ ಆಟೋಪೇ ಪಟ್ಟಿಯಲ್ಲಿ ಹಳೆಯ ಮಾಸಿಕ ಅನುಮತಿ ಇನ್ನೂ ಇದೆಯೇ ಎಂಬುದು ಇನ್ನೊಂದು. ಇದ್ದರೆ ಅಲ್ಲಿಯೇ ರದ್ದು ಮಾಡಬಹುದು. ಅದಕ್ಕೆ ಪ್ರಕಟಣೆಯವರ ಒಪ್ಪಿಗೆ ಬೇಕಿಲ್ಲ. ಆದರೆ ರದ್ದು ಮಾಡುತ್ತಿರುವುದು ಹಳೆಯದನ್ನೇ ಎಂದು ಮೊತ್ತ ನೋಡಿ ಖಚಿತಪಡಿಸಿಕೊಳ್ಳಬೇಕು. ಎರಡಕ್ಕೂ ಒಂದೇ ಹೆಸರಿರುತ್ತದೆ. 2020ರ ಜುಲೈನಲ್ಲಿ ಆರಂಭವಾದ ಯುಪಿಐ ಆಟೋಪೇಯಲ್ಲಿ ಈ ಪಟ್ಟಿ ಒಂದೇ ಕಡೆ ಸಿಗುವುದರಿಂದ, ಹಲವು ಚಂದಾಗಳಿರುವವರಿಗೆ ಕಾರ್ಡಿಗಿಂತ ಅದು ವಾಸಿ ಎಂಬುದು ನನ್ನ ಅಭಿಪ್ರಾಯ.

ಡಾಲರಿನಲ್ಲಿ ಕೊಡುವವರಿಗೆ

ವಿದೇಶಿ ನ್ಯೂಸ್‌ಲೆಟರ್‌ಗಳ ಚಂದಾದಾರರಿಗೆ ವಾರ್ಷಿಕ ಯೋಜನೆಯ ಪರವಾಗಿ ಇನ್ನೊಂದು ವಾದವಿದೆ. 2021ರ ಆರಂಭದಲ್ಲಿ ಡಾಲರಿಗೆ ಸುಮಾರು 73 ರೂಪಾಯಿ ಇತ್ತು. 2025ರ ಡಿಸೆಂಬರ್‌ನಲ್ಲಿ ಅದು 90ನ್ನು ದಾಟಿತು. ಬರಹಗಾರನು ದರವನ್ನು ಒಂದು ಸೆಂಟ್ ಕೂಡ ಏರಿಸದಿದ್ದರೂ 5 ಡಾಲರಿನ ಚಂದಾ 365 ರೂಪಾಯಿಯಿಂದ 450 ರೂಪಾಯಿಗೆ ಏರಿದಂತಾಯಿತು. ವರ್ಷದ ಹಣ ಒಮ್ಮೆಲೇ ಕೊಟ್ಟವನಿಗೆ ಆ ಒಂದು ವರ್ಷದ ಮಟ್ಟಿಗಾದರೂ ಏರಿಳಿತದ ಚಿಂತೆಯಿಲ್ಲ. ಬ್ಯಾಂಕುಗಳು ವಿದೇಶಿ ಕರೆನ್ಸಿ ವಹಿವಾಟಿಗೆ ಹಾಕುವ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿ ಶೇಕಡಾವಾರು ಲೆಕ್ಕದಲ್ಲಿರುವುದರಿಂದ, ತಿಂಗಳಿಗೆ ಕೊಟ್ಟರೂ ವರ್ಷಕ್ಕೆ ಕೊಟ್ಟರೂ ಆ ದರ ಬದಲಾಗದು. ಇ-ಮ್ಯಾಂಡೇಟ್‌ಗೆ ಹೊಂದಿಕೊಳ್ಳದ ವಿದೇಶಿ ವೇದಿಕೆಯಾದರೆ ಮಾಸಿಕ ಕಡಿತ ಪದೇ ಪದೇ ವಿಫಲವಾಗುತ್ತದೆ. ಅಂತಹ ಕಡೆ ವರ್ಷಕ್ಕೊಮ್ಮೆ ಓಟಿಪಿ ಕೊಟ್ಟು ಮುಗಿಸುವುದೇ ಜಾಣತನ.

ಪತ್ರಿಕೆಯೇ ನಿಂತರೆ?

ಟ್ವಿಟರ್ ಸಂಸ್ಥೆ 2021ರ ಜನವರಿಯಲ್ಲಿ ರೆವ್ಯೂ ಎಂಬ ನ್ಯೂಸ್‌ಲೆಟರ್ ವೇದಿಕೆಯನ್ನು ಕೊಂಡಿತು. ಎರಡು ವರ್ಷ ಪೂರೈಸುವಷ್ಟರಲ್ಲಿ, 2023ರ ಜನವರಿ 18ರಂದು, ಅದನ್ನು ಮುಚ್ಚಿತು. ಫೇಸ್‌ಬುಕ್ 2021ರ ಜೂನ್‌ನಲ್ಲಿ ಶುರು ಮಾಡಿದ ಬುಲೆಟಿನ್ ಎಂಬ ವೇದಿಕೆಯನ್ನು ಮುಚ್ಚುವುದಾಗಿ 2022ರ ಅಕ್ಟೋಬರ್‌ನಲ್ಲಿಯೇ ಪ್ರಕಟಿಸಿತು. ಜಗತ್ತಿನ ಅತಿ ಶ್ರೀಮಂತ ಸಂಸ್ಥೆಗಳ ಆಶ್ರಯವಿದ್ದೂ ಹೀಗಾಯಿತು. ವೇದಿಕೆ ಮುಚ್ಚುವಾಗ ಮುಂದಿನ ಕಡಿತ ನಿಲ್ಲುವುದು ಬೇರೆ, ಆಗಲೇ ಕೊಟ್ಟ ಹಣ ಮರಳುವುದು ಬೇರೆ. ಮಾಸಿಕ ಚಂದಾದಾರನ ನಷ್ಟ ಹೆಚ್ಚೆಂದರೆ ಒಂದು ತಿಂಗಳದು. ವಾರ್ಷಿಕ ಚಂದಾದಾರನಾದರೋ, ಉಳಿದ ತಿಂಗಳುಗಳ ಮಟ್ಟಿಗೆ ಪ್ರಕಟಣೆಗೆ ಸಾಲ ಕೊಟ್ಟವನಂತೆ. ಅದೂ ಅಡವಿಲ್ಲದ ಸಾಲ.

ಒಬ್ಬರೇ ನಡೆಸುವ ಪತ್ರಿಕೆಯಾದರೆ ಬರಹಗಾರರ ಆರೋಗ್ಯ, ಉತ್ಸಾಹ, ಹೊಸ ನೌಕರಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೆಲವು ಕಡೆ ಬರಹಗಾರರು ರಜೆ ಹಾಕಿದಾಗ ಬಿಲ್ಲಿಂಗನ್ನೂ ತಡೆಹಿಡಿಯುವ ಅವಕಾಶವಿದೆ. ಸಬ್‌ಸ್ಟ್ಯಾಕ್‌ನಲ್ಲಿ ಹಾಗೆ ತಡೆಹಿಡಿದರೆ ಚಂದಾ ಅವಧಿ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ. ಆದರೆ ತಡೆಹಿಡಿಯುವ ಗುಂಡಿ ಇರುವುದು ಬರಹಗಾರರ ಕೈಯಲ್ಲಿ. ಹೊಸದಾಗಿ ಶುರುವಾದ ಪತ್ರಿಕೆಗೆ ಮೊದಲ ಕೆಲವು ತಿಂಗಳು ಮಾಸಿಕವಾಗಿಯೇ ಕೊಟ್ಟು, ಸಂಚಿಕೆಗಳು ಹೇಳಿದ ದಿನ ಬರುತ್ತಿವೆಯೇ ಎಂದು ನೋಡಿ, ಆಮೇಲೆ ವಾರ್ಷಿಕಕ್ಕೆ ಹೋಗುವುದು ಸೂಕ್ತ.

ಮರಳಿ ಮಾಸಿಕಕ್ಕೆ ಬರುವುದೂ ಸಾಧ್ಯ. ಆದರೆ ಆ ದಾರಿ ಇಷ್ಟು ಸಲೀಸಲ್ಲ. ಸಾಮಾನ್ಯವಾಗಿ ವರ್ಷದ ಅವಧಿ ಮುಗಿದ ಮೇಲೆಯೇ ಬದಲಾವಣೆ ಜಾರಿಗೆ ಬರುತ್ತದೆ, ನಡುವೆ ಹಣ ಮರಳಿಸುವುದು ಪ್ರಕಟಣೆಯ ಷರತ್ತುಗಳಿಗೆ ಬಿಟ್ಟದ್ದು. ಸೇರುವ ಗುಂಡಿಯನ್ನು ಎದುರಿಗಿಟ್ಟು ಬಿಡುವ ಗುಂಡಿಯನ್ನು ಬಚ್ಚಿಡುವವರ ಬಗ್ಗೆ ಮಾತ್ರ ಕಾನೂನಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಆನ್‌ಲೈನ್ ವ್ಯಾಪಾರದ 13 ಬಗೆಯ ಕುಟಿಲ ತಂತ್ರಗಳನ್ನು ಪಟ್ಟಿ ಮಾಡಲಾಗಿದ್ದು, ರದ್ದತಿಯನ್ನು ಅಸಾಧ್ಯವಾಗಿಸುವ ಅಥವಾ ಸುತ್ತುಬಳಸಿನದಾಗಿಸುವ ‘ಚಂದಾ ಬಲೆ’ ಅವುಗಳಲ್ಲೊಂದು. ಪ್ರಕಟಣೆಯವರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಕರೆ ಮಾಡುವ ಮುನ್ನ ಕಡಿತದ ಎಸ್ಸೆಮ್ಮೆಸ್, ಅನುಮತಿಯ ಸಂಖ್ಯೆ ಮತ್ತು ಅಂದು ತೆಗೆದಿಟ್ಟ ಪರದೆಯ ಚಿತ್ರ ಕೈಯಲ್ಲಿರಲಿ.